ಏಳೂವರೆಗೆ ಎರಡು ಸಾವು

"ಬಂದ್ಲಪ್ಪಾ, ಹಬ್ಬ ಕೆಡಿಸೋ ಮಹಾತಾಯಿ," ಎಂದು ಕಿಟಕಿಯ ಪಕ್ಕದ ಕುರ್ಚಿಯಿಂದ ಯಾರೋ ಅಂದರು.

ಲಿನೆಟ್ ಓರ್ಮರೋಡ್ ಕೇಳಿಸದವಳ ಹಾಗೆ ಒದ್ದೆ ಛತ್ರಿ ಮಡಚಿದಳು. ನಂಬುವವರು ನಂಬಲಿ, ಬಿಡುವವರು ಬಿಡಲಿ, ಇದು ನಡೆದದ್ದು ನಡೆದ ಹಾಗೆ: ಸೌತ್‌ಪೋರ್ಟ್‌ನ ಕಡಲ ದಂಡೆಯ ಒಂದು ವೃದ್ಧರ ವಸತಿಯಲ್ಲಿ, ನವೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಹಜಾರದ ತುಂಬ ಕೂತಿದ್ದ ಮುದುಕ ಮುದುಕಿಯರು ನಡುವಯಸ್ಸಿನ ಒಬ್ಬ ಹೆಂಗಸನ್ನು ಚಹಾ ಕೂಡ ಕೊಡದೆ ನಿಲ್ಲಿಸಿಕೊಂಡಿದ್ದರು.

"ಏನಮ್ಮಾ, ಈ ವರ್ಷ ಯಾವ ಹೊತ್ತಿಗೆ ಸಾಯಿಸ್ತೀರಿ?" ಎಂದ ದಪ್ಪ ಸ್ವೆಟರು ತೊಟ್ಟ ಒಬ್ಬ ಮುದುಕ.

"ಇನ್ನೂ ತೀರ್ಮಾನ ಆಗಿಲ್ಲ," ಎಂದಳು ಲಿನೆಟ್.

"ಆಗಿರೋಲ್ಲ, ಆಗಿರೋಲ್ಲ. ಕೊಲೆಗಾರರು ಮುಂಚೆ ಹೇಳ್ತಾರಾ?"

ಲಿನೆಟ್ ಕೊಲೆಗಾರ್ತಿಯಲ್ಲ. ಮ್ಯಾಂಚೆಸ್ಟರಿನ ಒಂದು ಟಿವಿ ವಾಹಿನಿಯಲ್ಲಿ ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಬರಬೇಕು ಎಂದು ಹೊಂದಿಸುವವಳು. ಆ ವಾಹಿನಿಯ ಹೆಮ್ಮೆ 'ಟ್ಯಾನರ್ಸ್ ರೋ' ಎಂಬ ಧಾರಾವಾಹಿ. ಎದುರಾಳಿ ವಾಹಿನಿಯ ಹೆಮ್ಮೆ 'ಫೆರಿ ಲೇನ್'. ವರ್ಷವಿಡೀ ಅವು ಬೇರೆ ಬೇರೆ ಸಂಜೆ ಬರುತ್ತಿದ್ದವು. ಜನ ಎರಡನ್ನೂ ನೋಡಿ ಎರಡಕ್ಕೂ ಅತ್ತು ಸುಖವಾಗಿದ್ದರು. ಕ್ರಿಸ್‌ಮಸ್ ದಿನ ಮಾತ್ರ ಎರಡು ವಾಹಿನಿಗಳಿಗೂ ಭೂತ ಹಿಡಿಯುತ್ತಿತ್ತು. ಎರಡು ಧಾರಾವಾಹಿಗಳಲ್ಲೂ ಅವತ್ತು ಯಾರಾದರೊಬ್ಬರು ಸಾಯಲೇಬೇಕು, ಇಲ್ಲದಿದ್ದರೆ ಈ ದೇಶಕ್ಕೆ ಉಂಡ ಟರ್ಕಿಕೋಳಿ ಅರಗುವುದಿಲ್ಲ. ಆ ಎರಡು ಸಾವೂ ಸಂಜೆ ಏಳೂವರೆಗೇ ಆಗಬೇಕು, ಮುಖಾಮುಖಿ. ಮನೆಯಲ್ಲಿ ಒಂದೇ ಟಿವಿ ಇದ್ದವರ ಪಾಡು ನಾಯಿಪಾಡು.

ಈ ವಸತಿಯಲ್ಲೂ ಇದ್ದದ್ದು ಒಂದೇ ಟಿವಿ. ಹೋದ ವರ್ಷದ ಕ್ರಿಸ್‌ಮಸ್ ಸಂಜೆ ಇದೇ ಹಜಾರದಲ್ಲಿ ಲಿನೆಟ್‌ಳ ತಾಯಿ ವಿನ್ನಿ 'ಫೆರಿ ಲೇನ್' ಬೇಕೆಂದಳು. ಅವಳ ಗೆಳತಿ ಗರ್ಟಿ ಪಾಲಿಟ್ 'ಟ್ಯಾನರ್ಸ್ ರೋ' ಬೇಕೆಂದಳು. ವಿನ್ನಿಗೂ ಗರ್ಟಿಗೂ ಒಂದೇ ಮೇಜು, ಒಂದೇ ಚಹಾ ಕೆಟಲು, ಕಾಲು ನೋವಿಗೆ ಒಂದೇ ಮುಲಾಮು. ವಸತಿಯನ್ನು ನೋಡಿಕೊಳ್ಳುವ ಮೇಟ್ರನ್ ನಾಣ್ಯ ಚಿಮ್ಮಿದಳು, ಗರ್ಟಿ ಗೆದ್ದಳು. ಸೋತವರಿಗಾಗಿ ಇನ್ನೊಂದನ್ನು ವಿಡಿಯೋ ಕ್ಯಾಸೆಟ್ಟಿಗೆ ತುಂಬಿಸಿಡುತ್ತೇನೆಂದು ಮೇಟ್ರನ್ ಮಾತು ಕೊಟ್ಟಳು. ಮಾರನೇ ದಿನ ಹಾಕಿ ನೋಡಿದರೆ ಅದರಲ್ಲಿ ಮೊದಲಿಂದ ಕೊನೆತನಕ ಕುರಿನಾಯಿಗಳ ಪಂದ್ಯವಿತ್ತು. ಗರ್ಟಿ ನಕ್ಕಳು. ನಗಬಾರದಿತ್ತು. ವಿನ್ನಿ "ನಾಣ್ಯದಲ್ಲೇ ಮೋಸ ಇತ್ತು" ಅಂದಳು. ಗರ್ಟಿ "ನನ್ನ ಕೇಳ್ಬೇಡ, ನಿನ್ನ ಮಗಳನ್ನ ಕೇಳು" ಅಂದಳು. ಅವತ್ತಿನಿಂದ ವಿನ್ನಿಯ ಊಟ ಮಹಡಿಯ ಕೋಣೆಗೆ ಹೋಗುತ್ತಿತ್ತು. ಇಬ್ಬರೂ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ಆ ಭಾನುವಾರ ವಿನ್ನಿ ಹಜಾರಕ್ಕೆ ಇಳಿದು ಬಂದದ್ದು ಮಗಳಿಗೆ ನಾಲ್ಕು ಜನರೆದುರು ಒಂದು ಮಾತು ಹೇಳಲಿಕ್ಕೆ.

"ನೋಡು ಲಿನೆಟ್, ಈ ಸಲವೂ ಎರಡೂ ಒಂದೇ ಹೊತ್ತಿಗೆ ಬಂದ್ರೆ ನಾನು ಹಬ್ಬಕ್ಕೆ ಕೆಳಗೆ ಇಳಿಯೋಲ್ಲ. ತಟ್ಟೆ ಮೇಲಕ್ಕೆ ತರಿಸ್ಕೊಂಡು ಗೋಡೆ ನೋಡ್ಕೊಂಡು ತಿಂತೀನಿ. ನೀನೂ ಬರಬೇಡ."

"ಅಮ್ಮಾ, ಅದು ನನ್ನ ಕೈಲಿಲ್ಲ."

"ಮತ್ತೆ ಯಾರ ಕೈಲಿದೆ? ಹಲಗೆ ಮೇಲೆ ಕಾರ್ಯಕ್ರಮದ ಚೀಟಿ ಅಂಟಿಸೋಳು ನೀನಲ್ವಾ?"

"ಅಂಟಿಸೋಳು ನಾನು. ಎಲ್ಲಿ ಅಂಟಿಸಬೇಕು ಅನ್ನೋನು ಮಾಲ್ಕಂ."

ಮಾಲ್ಕಂ ಫೆಂಟನ್ ಅವಳ ಮೇಲಧಿಕಾರಿ. ಅವನ ಹೆಸರು ಬಾಯಿಗೆ ಬಂದದ್ದೇ ತಡ, ಲಿನೆಟ್‌ಳ ಮುಖ ತಾನಾಗಿ ಬದಲಾಯಿತು. ಗದ್ದ ಎದೆಗೆ ಅಂಟಿತು, ಹುಬ್ಬು ಹಣೆಗೇರಿತು. ವಾರವಿಡೀ ನುಂಗಿದ್ದನ್ನು ಅವಳು ಭಾನುವಾರ ಇಲ್ಲಿ ಬಂದು ಕಕ್ಕುವುದು ವಾಡಿಕೆ.

"ಕೇಳಿಲ್ಲಿ, ಕೇಳಿಲ್ಲಿ. ತಲೆಗೆ ತಲೆ, ಲಿನೆಟ್, ತಲೆಗೆ ತಲೆ. ಅವರು ಎಲ್ಲೋ ನಾವಲ್ಲೇ. ನೀನು ಯೋಚನೆ ಮಾಡ್ಬೇಡ, ಚೀಟಿ ಅಂಟಿಸು, ಚೀಟಿ ಅಂಟಿಸು."

ಹಜಾರದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಿಸಕ್ಕೆಂದರು. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಸೆಡ್ರಿಕ್ ಬೂತ್ ಮಾತ್ರ ನಗಲಿಲ್ಲ. ಅವನು ತನ್ನ ಕಾಲದಲ್ಲಿ ಬೇಸಿಗೆಯುದ್ದಕ್ಕೂ ಕಡಲಕಟ್ಟೆಯ ರಂಗಮಂದಿರಗಳಲ್ಲಿ ದನಿ ಅನುಕರಿಸಿ ಹೊಟ್ಟೆ ಹೊರೆದವನು. ಮಂತ್ರಿಗಳು, ಪಾದ್ರಿಗಳು, ಬಾತುಕೋಳಿ, ಗುಡ್ಡ ಹತ್ತಲಾರದ ಉಗಿಬಂಡಿ, ಎಲ್ಲವೂ ಅವನ ಗಂಟಲಲ್ಲಿದ್ದವು.

"ಮೂಗಿನಲ್ಲಿ ಬೇಡ ಚಿನ್ನಾ," ಎಂದ. "ಅಂಥವರ ದನಿ ಗಂಟಲ ಹಿಂದಿರುತ್ತೆ. ಮಾತಿನ ಕೊನೆ ನುಂಗ್ತಾನಾ, ಉಗುಳ್ತಾನಾ?"

"ನುಂಗ್ತಾನೆ. ಚಹಾ ಜೊತೆ. ಫೋನಲ್ಲೂ ಸೊರ್ ಅಂತ ಕೇಳಿಸುತ್ತೆ. ಹಲೋ ಅನ್ನೋಲ್ಲ, ಬರ್ತೀನಿ ಅನ್ನೋಲ್ಲ, ಹೇಳಿ ಇಟ್ಟುಬಿಡ್ತಾನೆ."

"ಇನ್ನೊಂದ್ಸಲ ಮಾಡು."

ಲಿನೆಟ್ ಮಾಡಿದಳು. ಸೆಡ್ರಿಕ್ ಕಣ್ಣು ಮುಚ್ಚಿಕೊಂಡು ಕೇಳಿದ. ಅವಳಿಗೆ ಹುರುಪು ಬಂತು. ಯಾರಾದರೂ ಕೇಳುವವರಿದ್ದರೆ ಸಿಟ್ಟಿಗೂ ಒಂದು ಕಸುಬುದಾರಿಕೆ ಬರುತ್ತದೆ. ಎದುರಾಳಿಗಳು ನರಕಕ್ಕೆ ಹೋದರೂ ಮಾಲ್ಕಂ ಅಲ್ಲೇ ಎದುರುಗಡೆ ಒಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ ಎಂದಳು. ನವೆಂಬರ್ ಬಂದರೆ ಕಚೇರಿಯ ಕಿಟಕಿಗಳಿಗೆ ಪರದೆ ಎಳೆಸುತ್ತಾನೆ, ಗಾಜು ಒರೆಸುವವನನ್ನೂ ಬೇಹುಗಾರನೆಂದು ಅನುಮಾನಿಸುತ್ತಾನೆ, ಎರಡೂ ವಾಹಿನಿಗಳ ಕಾರ್ಯಕ್ರಮ ಪ್ರಕಟಿಸುವ ಟಿವಿ ಪತ್ರಿಕೆ ಅಚ್ಚಿಗೆ ಹೋಗುವವರೆಗೆ ಒಬ್ಬರ ವೇಳಾಪಟ್ಟಿ ಇನ್ನೊಬ್ಬರಿಗೆ ತಿಳಿಯದು, ಹಾಗಾಗಿ ಗಾಳಿಸುದ್ದಿಯೇ ಗತಿ ಎಂದಳು.

"ಅಚ್ಚಿಗೆ ಹೋದ ಮೇಲೆ ಬದಲಾಯಿಸೋಕಾಗೋಲ್ವಾ?" ಎಂದು ಗರ್ಟಿ ಕೇಳಿದಳು, ಚಾವಣಿಯನ್ನು ನೋಡುತ್ತಾ, ಯಾರನ್ನೂ ಉದ್ದೇಶಿಸದೆ.

"ಆಗೋಲ್ಲ," ಎಂದಳು ಲಿನೆಟ್, ತಾನೂ ಚಾವಣಿಗೇ. "ಇಡೀ ದೇಶ ಆ ಪತ್ರಿಕೆ ಕೊಂಡು, ಪೆನ್ನು ಹಿಡಿದು ತಮಗೆ ಬೇಕಾದ್ದಕ್ಕೆಲ್ಲ ಸುತ್ತು ಹಾಕಿಟ್ಟಿರುತ್ತೆ. ಆಮೇಲೆ ಬದಲಾಯಿಸಿದ್ರೆ ಜನ ಕಲ್ಲು ತಗೊಂಡು ಬರ್ತಾರೆ."

ಹೊರಡುವಾಗ ವಿನ್ನಿ ಮಗಳ ಕೋಟಿನ ಕಾಲರು ಸರಿಮಾಡಿದಳು, ಆದರೆ ಮಾತು ಸಡಿಲಿಸಲಿಲ್ಲ. "ನಾ ಹೇಳಿದ್ದು ನೆನಪಿರಲಿ. ಗೋಡೆ ನೋಡ್ಕೊಂಡು."

*

ಕಚೇರಿಯ ಆ ಕೋಣೆಯ ಒಂದು ಗೋಡೆಯ ಮೇಲಿಡೀ ಬಿಳಿ ಹಲಗೆ. ಅದರ ಮೇಲೆ ಕಾರ್ಯಕ್ರಮಕ್ಕೊಂದು ಬಣ್ಣದ ಚೀಟಿ, ಚೀಟಿಗೊಂದು ಅಯಸ್ಕಾಂತದ ಗುಂಡಿ. ಧಾರಾವಾಹಿಗೆ ಗುಲಾಬಿ, ಸಿನಿಮಾಕ್ಕೆ ನೀಲಿ, ಹಾಡು ಹಸೆಗೆ ಹಸಿರು. ಧಾರಾವಾಹಿ ಹೇಳಿದಷ್ಟೇ ಉದ್ದ ಇರುತ್ತದೆ, ಸಾಧು ಪ್ರಾಣಿ. ಸಿನಿಮಾ ಹಾಗಲ್ಲ. ಎರಡು ತಾಸೂ ಅಲ್ಲ, ಎರಡೂಕಾಲೂ ಅಲ್ಲ, ಜಾಹೀರಾತು ಸೇರಿಸಿದರೆ ಒಂದು ಕಡೆ ಉಬ್ಬುತ್ತದೆ, ಕತ್ತರಿಸಿದರೆ ಇನ್ನೊಂದು ಕಡೆ ತೂತು ಬೀಳುತ್ತದೆ. ಆ ತೂತಿಗೆ ಚರ್ಚಿನ ಮಕ್ಕಳ ಒಂದು ಹಾಡನ್ನೋ ಒಂದು ಕಾರ್ಟೂನನ್ನೋ ತುರುಕಬೇಕು. ಮಧ್ಯಾಹ್ನ ಮೂರಕ್ಕೆ ರಾಣಿಯ ಭಾಷಣ. ಅದು ಮೊಳೆ ಹೊಡೆದ ಹಾಗೆ, ಅಲುಗಿಸುವಂತಿಲ್ಲ. ಅದರ ಹಿಂದೆ ಮುಂದೆ ಉಳಿದದ್ದನ್ನೆಲ್ಲ ಸರಿಸಾಡಬೇಕು. ಬೇಸಿಗೆಯಿಂದ ಲಿನೆಟ್ ಮಾಡುತ್ತಿದ್ದದ್ದು ಅದನ್ನೇ.

ಸೋಮವಾರ ಬೆಳಿಗ್ಗೆ ಅವಳು ಕಡಲುಗಳ್ಳರ ದೊಡ್ಡ ಸಿನಿಮಾದ ನೀಲಿ ಚೀಟಿಯನ್ನು ಒಂದು ತಾಸು ಕೆಳಗೆ ಸರಿಸಿ, ಏಳೂವರೆಯ ತೂತಿಗೆ ಹಾಡುಗಳನ್ನು ತುಂಬಿ, 'ಟ್ಯಾನರ್ಸ್ ರೋ'ದ ಗುಲಾಬಿ ಚೀಟಿಯನ್ನು ಎಂಟೂವರೆಗೆ ಅಂಟಿಸಿ ಮಾಲ್ಕಂನನ್ನು ಕರೆದಳು.

"ನೋಡಿ ಮಾಲ್ಕಂ. 'ಫೆರಿ ಲೇನ್' ಏಳೂವರೆಗೇ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಅವರದು ಮುಗಿದ ಕೂಡ್ಲೇ ನಮ್ಮದು ಶುರುವಾದ್ರೆ, ಅಲ್ಲಿ ಅತ್ತೋರೆಲ್ಲ ಇಲ್ಲಿಗೆ ಬಂದು ಅಳ್ತಾರೆ. ಇಬ್ಬರಿಗೂ ಪೂರ್ತಿ ಜನ."

ಮಾಲ್ಕಂ ಚಹಾ ಹೀರಿದ. "ಇಬ್ಬರಿಗೂ. ಇಬ್ಬರಿಗೂ ಯಾಕೆ? ನೀನು ಯಾರ ಸಂಬಳ ತಗೊಳ್ತಿದೀಯ?"

"ನಮ್ಮ ಜನ ಹೆಚ್ಚಾಗ್ತಾರೆ ಅಂತಲೇ ಹೇಳಿದ್ದು."

"ಅವರ ಜನ ಕಮ್ಮಿ ಆಗ್ಬೇಕು, ಲಿನೆಟ್. ಅದು ಹಬ್ಬ. ಹಬ್ಬ ಅಂದ್ರೆ ಅದು." ಅವನೇ ಗುಲಾಬಿ ಚೀಟಿಯನ್ನು ಕಿತ್ತು ಏಳೂವರೆಗೆ ಅಂಟಿಸಿದ. ಗುಂಡಿ ಹಲಗೆಗೆ ಟಕ್ಕೆಂದು ಕಚ್ಚಿಕೊಂಡಿತು. "ಕಸಾಯಿಖಾನೆಗೂ ಒಂದು ಸಮಯ ಇರುತ್ತೆ. ತಲೆಗೆ ತಲೆ."

ಮಂಗಳವಾರ ಅವಳು ಮತ್ತೆ ಸರಿಸಿದಳು, ಈ ಸಲ ಮಕ್ಕಳ ಮಲಗುವ ಹೊತ್ತಿನ ನೆಪ ಹೇಳಿ. ಅವನು ಮತ್ತೆ ಕಿತ್ತ. ಬುಧವಾರ ಜಾಹೀರಾತಿನವರನ್ನು ಮುಂದಿಟ್ಟುಕೊಂಡು ಹೋದಳು. ಜಾಹೀರಾತಿನವರು ಮಾಲ್ಕಂನ ಎದುರು ಕೂತ ಕೂಡಲೇ ಮಾಲ್ಕಂನ ಹಾಗೇ ಮಾತಾಡಲು ತೊಡಗಿದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಲಿನೆಟ್ ಮುಂದಿನ ಸೀಟಿನ ಬೆನ್ನಿಗೆ ಹಣೆ ಒತ್ತಿಕೊಂಡು ಕೂತಳು. ಬೇರೆಯವರ ತಾಯಂದಿರು ಮಕ್ಕಳ ಹತ್ತಿರ ಏನೇನೋ ಕೇಳುತ್ತಾರೆ. ತನ್ನ ತಾಯಿ ಕೇಳಿದ್ದು ಒಂದು ಗಂಟೆ, ಅದೂ ಮಗಳ ಕೆಲಸವೇ ಗಂಟೆಗಳನ್ನು ಹಂಚುವುದಾಗಿರುವಾಗ. ಪಕ್ಕದಲ್ಲಿ ಕೂತ ಹೆಂಗಸು "ಹುಷಾರಿಲ್ವೇನಮ್ಮಾ" ಎಂದಳು. "ಹುಷಾರಾಗಿದೀನಿ, ಕ್ರಿಸ್‌ಮಸ್ ಬಂತಲ್ಲ," ಎಂದಳು ಲಿನೆಟ್. ಆ ಹೆಂಗಸು ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದಳು.

ಗುರುವಾರ ಸಂಜೆಯೊಳಗೆ ವೇಳಾಪಟ್ಟಿ ಪತ್ರಿಕೆಗೆ ಹೋಗಬೇಕು. ಗುರುವಾರ ಮಧ್ಯಾಹ್ನ ಮಾಲ್ಕಂ ತನ್ನ ಕ್ಲಬ್ಬಿಗೆ ಊಟಕ್ಕೆ ಹೋಗುತ್ತಾನೆ. ಆ ಊಟ ದೀರ್ಘ, ಅದರಲ್ಲಿ ದ್ರಾಕ್ಷಾರಸದ ಪಾತ್ರವೂ ದೀರ್ಘ. ಇದನ್ನೂ ಲಿನೆಟ್ ಭಾನುವಾರಗಳಲ್ಲಿ ಸಾಕಷ್ಟು ಸಲ ಅಭಿನಯಿಸಿ ತೋರಿಸಿದ್ದಳು. ಅವಳು ಒಬ್ಬಳೇ ಹಲಗೆಯ ಮುಂದೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಫೋನು ಬಡಿದುಕೊಂಡಿತು.

"ಕೇಳಿಲ್ಲಿ, ಕೇಳಿಲ್ಲಿ," ಎಂದಿತು ಮಾಲ್ಕಂನ ದನಿ. ಹಿಂದೆ ತಟ್ಟೆ ಚಮಚಗಳ ಸದ್ದು, ಯಾರೋ ಕೆಮ್ಮಿದ್ದು. "ಈಗ ತಾನೇ ಸಿಕ್ತು ಸುದ್ದಿ. ಅವರು ಸರಿದಿದಾರೆ. ಫೆರಿ ಲೇನ್ ಎಂಟೂವರೆಗೆ."

ಲಿನೆಟ್‌ಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಎಂಟೂವರೆಗಾ? ಖಚಿತವಾ ಮಾಲ್ಕಂ?"

"ನಾನು ಹೇಳಿದ್ದಲ್ವಾ, ನಾನು ಹೇಳಿದ್ದಲ್ವಾ. ಹೆದರಿ ಓಡಿದಾರೆ."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ನಮ್ಮದು ಏಳೂವರೆ, ಅವರದು ಎಂಟೂವರೆ. ಹಾಗೇ ಕಳಿಸಿಬಿಡ್ತೀನಿ."

ಆ ಕಡೆ ತಟ್ಟೆ ಚಮಚಗಳ ಸದ್ದು ನಿಂತಿತು. ಆಮೇಲೆ ಉದ್ದಕ್ಕೆ ಚಹಾ ಹೀರಿದ ಸದ್ದು.

"ಲಿನೆಟ್. ಅವರು ಎಲ್ಲೋ?"

ಅವಳು ಹಲಗೆಯ ಕಡೆ ನೋಡಿದಳು.

"ಅವರು ಎಲ್ಲೋ, ಲಿನೆಟ್?"

"ನಾವಲ್ಲೇ," ಎಂದಳು.

"ಚೀಟಿ ಅಂಟಿಸು." ಫೋನು ಇಟ್ಟ ಸದ್ದು.

ಲಿನೆಟ್ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಏಳೂವರೆಯ ಗುಲಾಬಿ ಚೀಟಿ ತನ್ನ ಪಾಡಿಗೆ ತಾನು ಅಲ್ಲಿತ್ತು. ಮುಟ್ಟದೇ ಬಿಟ್ಟರೆ ಸಾಕು. ಎರಡು ಸಾವಿಗೂ ಬೇರೆ ಬೇರೆ ಗಂಟೆ, ಅಮ್ಮ ಕೆಳಗೆ ಇಳಿದು ಬರುತ್ತಾಳೆ. ಮೂರು ದಿನ ಅವಳು ಹಲ್ಲು ಗಿಂಜಿಯೂ ಪಡೆಯದೇ ಹೋದದ್ದನ್ನು ಎದುರಾಳಿಗಳು ತಾವಾಗಿ ಕೊಟ್ಟಿದ್ದರು, ಅದನ್ನು ತನ್ನ ಕೈಯಾರೆ ಕೆಡಿಸಬೇಕಾಗಿತ್ತು. ಸುದ್ದಿ ತಡವಾಗಿ ಬಂತು ಎಂದು ಸುಳ್ಳು ಹೇಳಬಹುದೇ? ಫೋನಿನ ತಂತಿ ಕಿತ್ತುಹೋಗಿತ್ತು ಎನ್ನಬಹುದೇ? ಇಪ್ಪತ್ತು ವರ್ಷ ಈ ಹಲಗೆಗೆ ಚೀಟಿ ಅಂಟಿಸಿದ್ದ ಕೈ ಅದು, ಮೇಲಿನವರು ಹೇಳಿದರೆ ಹಲಗೆಯ ಕಡೆ ತಾನಾಗಿ ಏಳುತ್ತಿತ್ತು. ನೀಲಿ ಚೀಟಿಯನ್ನು ಒಂದು ತಾಸು ಇಳಿಸಿದಳು. ಹಾಡುಗಳನ್ನು ತೂತಿಗೆ ತುಂಬಿದಳು. ಗುಲಾಬಿ ಚೀಟಿಯನ್ನು ಎಂಟೂವರೆಗೆ ತಂದು, ಅದರ ಮೇಲೆ ಗುಂಡಿಯನ್ನು ಅಂಗೈಯಿಂದ ಬಡಿದಳು. ಹಲಗೆ ನಡುಗಿ, ಕೆಳಸಾಲಿನ ಎರಡು ಕಾರ್ಟೂನು ನೆಲಕ್ಕೆ ಬಿದ್ದವು. ಸೋಮವಾರ ತಾನು ಬೇಡಿಕೊಂಡಿದ್ದ ಪಟ್ಟಿಯೇ ಇದು, ಅಕ್ಷರವೂ ಹೆಚ್ಚಿಲ್ಲ ಕಡಿಮೆಯಿಲ್ಲ. ಅವತ್ತು ಬೇಡವಾದದ್ದು ಇವತ್ತು ಬೇಕಾಗಿತ್ತು, ಯಾಕೆಂದರೆ ಇವತ್ತು ಅದರಿಂದ ಯಾರಿಗೂ ಸುಖವಿಲ್ಲ.

ಪಟ್ಟಿ ಪತ್ರಿಕೆಗೆ ಹೋದ ಮೇಲೆ ಅವಳು ಹೊಸ ವರ್ಷದ ಪಟ್ಟಿಗಾಗಿ ಹಲಗೆಯನ್ನು ಖಾಲಿ ಮಾಡಿ, ತಾಯಿಗೆ ಫೋನು ಮಾಡಿದಳು. ಹಬ್ಬದ ದಿನ ಅಚಾನಕ್ಕಾಗಿ ತಿಳಿಯುವುದಕ್ಕಿಂತ ಈಗಲೇ ಬೈಸಿಕೊಳ್ಳುವುದು ವಾಸಿ ಎನಿಸಿತು.

"ಅಮ್ಮಾ, ಆಗಲಿಲ್ಲ. ಎರಡೂ ಎಂಟೂವರೆಗೆ."

ಆ ಕಡೆಯಿಂದ ಏನೋ ಗಂಟಲು ಕಟ್ಟಿದ ಸದ್ದು.

"ಅಮ್ಮಾ? ಅಳ್ಬೇಡಮ್ಮ."

"ಆಯ್ತು," ಎಂದಿತು ವಿನ್ನಿಯ ದನಿ, ಹಿಚುಕಿದ ಹಾಗೆ. "ಆಯ್ತು ಬಿಡು." ಫೋನು ಕಟ್ಟಾಯಿತು.

ಆ ಶುಕ್ರವಾರ ಲಿನೆಟ್ ಕೆಲಸಕ್ಕೆ ರಜೆ ಹಾಕಿದಳು. ಭಾನುವಾರ ಸೌತ್‌ಪೋರ್ಟಿಗೆ ಹೋಗಲಿಲ್ಲ, ಮುಂದಿನ ಭಾನುವಾರವೂ ಹೋಗಲಿಲ್ಲ. ಕ್ರಿಸ್‌ಮಸ್‌ಗೆ ಒಬ್ಬಳಿಗೆ ಸಾಲುವಷ್ಟು ಸಣ್ಣ ಕೋಳಿ ಸಿಗುತ್ತದೆಯೇ ಎಂದು ಕಟುಕನ ಅಂಗಡಿಯಲ್ಲಿ ವಿಚಾರಿಸಿದಳು. "ಯಾರನ್ನಾದ್ರೂ ಊಟಕ್ಕೆ ಕರೀರಿ, ಅದೇ ಸುಲಭ," ಎಂದ ಕಟುಕ.

*

ಟಿವಿ ಪತ್ರಿಕೆಯ ಎರಡು ವಾರಗಳ ಹಬ್ಬದ ಜೋಡಿ ಸಂಚಿಕೆ ಅಂಗಡಿಗೆ ಬಂದ ಬೆಳಿಗ್ಗೆ ಅವಳು ಅದನ್ನು ಬಸ್ಸಿನಲ್ಲೇ ಬಿಡಿಸಿದಳು. ಕ್ರಿಸ್‌ಮಸ್ ದಿನದ ಪುಟ. ಎಡಕ್ಕೆ ಎದುರಾಳಿಗಳು, ಬಲಕ್ಕೆ ತಾವು. 'ಟ್ಯಾನರ್ಸ್ ರೋ', ಎಂಟೂವರೆ. 'ಫೆರಿ ಲೇನ್', ಏಳೂವರೆ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಏಳೂವರೆ. ಅವರು ಸರಿದೇ ಇರಲಿಲ್ಲ.

ಅಮ್ಮ ಕೆಳಗೆ ಇಳಿದು ಬರುತ್ತಾಳೆ ಎಂಬುದು ಮೊದಲು ಹೊಳೆಯಿತು. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಮಾಲ್ಕಂ ನೆನಪಾದ. ಅವಳು ಕೋಣೆಗೆ ಬಂದಾಗ ಮಾಲ್ಕಂ ಆಗಲೇ ಹಲಗೆಯ ಮುಂದಿದ್ದ, ಸುರುಳಿ ಸುತ್ತಿದ ಪತ್ರಿಕೆಯನ್ನು ಕೋಲಿನ ಹಾಗೆ ಹಿಡಿದು.

"ಎಂಟೂವರೆ ಅಂತ ಯಾರು ಹೇಳಿದ್ದು?"

"ನೀವೇ."

"ನಾನಾ? ಯಾವಾಗ?"

"ಗುರುವಾರ, ಊಟದ ಹೊತ್ತಿಗೆ. ಕ್ಲಬ್ಬಿಂದ ಫೋನ್ ಮಾಡಿದ್ರಿ."

ಮಾಲ್ಕಂ ಬಾಯಿ ತೆರೆದ. ಆ ಗುರುವಾರದ ಊಟ ಅವನ ನೆನಪಿನಲ್ಲಿ ಸೂಪಿನಿಂದ ಶುರುವಾಗಿ ಮೀನಿನ ಹತ್ತಿರ ಮಬ್ಬಾಗುತ್ತಿತ್ತು. ಆಮೇಲೆ ಟ್ಯಾಕ್ಸಿ. ಮಾರನೇ ದಿನ ಅವನ ಕೋಟಿನ ಜೇಬಿನಲ್ಲಿ ಬೇರೆ ಯಾರದೋ ಕೈಗವಸು ಸಿಕ್ಕಿತ್ತು. ಅವನು ಬಾಯಿ ಮುಚ್ಚಿದ.

"ಏನಂದೆ ನಾನು?"

"ಅವರು ಎಲ್ಲೋ ನಾವಲ್ಲೇ ಅಂದ್ರಿ. ಚೀಟಿ ಅಂಟಿಸು ಅಂದ್ರಿ."

"ಹೂಂ." ಅದು ತನ್ನ ಮಾತೇ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. "ಹೂಂ. ಹೇಳಿದ್ದೆ. ಹೇಳಿದ್ದೆ." ಪತ್ರಿಕೆಯ ಸುರುಳಿಯನ್ನು ಬಿಡಿಸಿ ಮೇಜಿನ ಮೇಲೆ ತಟ್ಟಿ ನೆಟ್ಟಗೆ ಮಾಡಿದ. "ಅದರಲ್ಲಿ ಒಂದು ಉದ್ದೇಶ ಇತ್ತು."

ಉದ್ದೇಶ ಏನೆಂದು ಅವನಿಗೆ ತಿಳಿದದ್ದು ಮೂರು ದಿನದ ನಂತರ. ಒಂದು ದಿನಪತ್ರಿಕೆಯ ಅಂಕಣದವಳು, ಈ ಹಬ್ಬಕ್ಕಾದರೂ ಒಂದು ವಾಹಿನಿ ದೊಡ್ಡ ಮನಸ್ಸು ಮಾಡಿ ಅಜ್ಜ ಅಜ್ಜಿಯರನ್ನು ಜಗಳದಿಂದ ಉಳಿಸಿದೆ ಎಂದು ಬರೆದಳು. ಆಡಳಿತ ಮಂಡಳಿಯ ಅಧ್ಯಕ್ಷರು ಮಾಲ್ಕಂನ ಬೆನ್ನು ತಟ್ಟಿದರು. ಸಂಜೆಯ ಸಭೆಯಲ್ಲಿ ಮಾಲ್ಕಂ, "ಇಬ್ಬರಿಗೂ ಪೂರ್ತಿ ಜನ. ಅಲ್ಲಿ ಅತ್ತೋರು ಇಲ್ಲಿಗೆ ಬಂದು ಅಳ್ತಾರೆ. ನಾನು ಮೊದಲಿಂದ ಹೇಳ್ತಿದ್ದೆ," ಎಂದ. ಎಲ್ಲರೂ ಬರೆದುಕೊಂಡರು. ಲಿನೆಟ್ ಪೆನ್ಸಿಲನ್ನು ಎರಡು ಕೈಯಲ್ಲಿ ಹಿಡಿದು ಮುರಿದಳು. ಮುರಿದದ್ದು ಯಾರಿಗೂ ಕೇಳಿಸಲಿಲ್ಲ, ಚಪ್ಪಾಳೆ ಇತ್ತು.

*

ಕ್ರಿಸ್‌ಮಸ್ ದಿನ ಅವಳು ಸೌತ್‌ಪೋರ್ಟಿಗೆ ಹೋದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಬರಬೇಡ ಎಂದ ಕಾರಣವಂತೂ ಉಳಿದಿರಲಿಲ್ಲ. ಹಜಾರದ ಬಾಗಿಲಲ್ಲಿ ನಿಂತು ನೋಡಿದಳು. ದೊಡ್ಡ ಸೋಫಾದ ಮೇಲೆ ಅವಳ ತಾಯಿ, ತಾಯಿಗೆ ಅಂಟಿಕೊಂಡು ಗರ್ಟಿ, ಇಬ್ಬರ ಮಂಡಿಯ ಮೇಲೂ ಒಂದೇ ಕಂಬಳಿ. ಇಬ್ಬರ ತಲೆಯ ಮೇಲೂ ಹಬ್ಬದ ಊಟಕ್ಕೆ ಇಬ್ಬರು ಎಳೆದು ಸಿಡಿಸುವ ಪಟಾಕಿ ಸುರುಳಿಯಿಂದ ಬಂದ ಬಣ್ಣದ ಕಾಗದದ ಕಿರೀಟ.

"ಬಂದ್ಯಾ," ಎಂದಳು ವಿನ್ನಿ. "ಸರಿ ಗರ್ಟಿ, ಸ್ವಲ್ಪ ಜಾಗ ಬಿಡು."

"ನಿನ್ನ ಮಗಳಿಗೆ ನಿನ್ನ ಕಡೆ ಜಾಗ ಬಿಡು. ನಾನ್ಯಾಕೆ ಸರೀಲಿ," ಎಂದು ಗರ್ಟಿ ಸರಿದಳು.

"ನೀವಿಬ್ರೂ ಯಾವಾಗ ರಾಜಿ ಆದ್ರಿ?" ಎಂದಳು ಲಿನೆಟ್, ಇಬ್ಬರ ನಡುವೆ ಸಿಕ್ಕಿಕೊಂಡು.

"ಆಗಲೇ ಆಯ್ತು. ನವೆಂಬರಲ್ಲೇ."

"ನವೆಂಬರಲ್ಲಾ? ಪತ್ರಿಕೆ ಬಂದದ್ದೇ ಡಿಸೆಂಬರಲ್ಲಿ."

"ಶ್," ಎಂದಳು ಗರ್ಟಿ. ಏಳೂವರೆಯಾಗಿತ್ತು.

'ಫೆರಿ ಲೇನ್'ನಲ್ಲಿ ದೋಣಿ ನಡೆಸುವವನ ಹೆಂಡತಿ, ಬೇಕಾದವರಿಗೆಲ್ಲ ಕ್ಷಮೆ ಕೊಟ್ಟು, ಬೇಡದವರಿಗೆ ಕೊಡದೆ, ಸತ್ತಳು. ಹಜಾರ ಚೆನ್ನಾಗಿ ಅತ್ತಿತು. ಮೇಟ್ರನ್ ಎದ್ದು ವಾಹಿನಿ ಬದಲಾಯಿಸಿದಳು. ಜಾಹೀರಾತಿನ ನಡುವೆ ಚಹಾ ಬಂತು, ಪುದೀನ ಚಾಕಲೇಟಿನ ಡಬ್ಬಿ ಕೈಯಿಂದ ಕೈಗೆ ಹೋಯಿತು. 'ಟ್ಯಾನರ್ಸ್ ರೋ' ಶುರುವಾಯಿತು. ಬೇಕರಿಯ ಮುದುಕನಿಗೆ ಎದೆನೋವು ಬಂದು, ಅವನು ಗೋಡೆ ಹಿಡಿದುಕೊಂಡಾಗ ಹಜಾರದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ಆಗ ಮೂಲೆಯಿಂದ, ಚಹಾ ಹೀರಿದ ಉದ್ದನೆಯ ಸದ್ದಿನ ಬೆನ್ನಿಗೆ, ಮಾಲ್ಕಂ ಫೆಂಟನ್ ಮಾತಾಡಿದ.

"ಕೇಳಿಲ್ಲಿ, ಕೇಳಿಲ್ಲಿ. ಆ ಚಾಕಲೇಟ್ ಡಬ್ಬಿ ಎಲ್ಲೋ ನಾವಲ್ಲೇ."

ಲಿನೆಟ್ ಸೋಫಾದಿಂದ ಎದ್ದೇಬಿಟ್ಟಳು. ಮಾಲ್ಕಂ ಇಲ್ಲಿ? ಕ್ರಿಸ್‌ಮಸ್ ದಿನ? ಅಪ್ಪಣೆಗೆ ಎದ್ದ ಕೈ ಅರ್ಧದಲ್ಲೇ ಇತ್ತು. ತಿರುಗಿ ನೋಡಿದರೆ ಮೂಲೆಯಲ್ಲಿ ಹಸಿರು ಕಿರೀಟದ ಸೆಡ್ರಿಕ್ ಬೂತ್, ಖಾಲಿ ಬಟ್ಟಲು ಹಿಡಿದು, ಮಗುವಿನ ಮುಖ ಮಾಡಿಕೊಂಡು ಕೂತಿದ್ದ.

ಯಾರೂ ಟಿವಿ ನೋಡುತ್ತಿರಲಿಲ್ಲ. ಹಜಾರಕ್ಕೆ ಹಜಾರವೇ ಅವಳನ್ನು ನೋಡುತ್ತಿತ್ತು.

"ಗುರುವಾರ," ಎಂದಳು ಲಿನೆಟ್. "ನೀವು."

"ಗಂಟಲ ಹಿಂದೆ ಅಂತ ಹೇಳಿದ್ದೆನಲ್ಲ ಚಿನ್ನಾ," ಎಂದ ಸೆಡ್ರಿಕ್, ತನ್ನದೇ ದನಿಯಲ್ಲಿ.

"ನಂಬರ್ ಒತ್ತಿದ್ದು ನಾನು, ಅಷ್ಟೆ," ಎಂದಳು ವಿನ್ನಿ ಮೆಲ್ಲಗೆ. "ನಿನ್ನ ನೇರದ ನಂಬರು ನನಗೆ ಮಾತ್ರ ತಾನೇ ಗೊತ್ತಿರೋದು."

"ತಟ್ಟೆ ಚಮಚ ಬಡಿದಿದ್ದು ನಾನು," ಎಂದಳು ಗರ್ಟಿ. "ನೀನು ಏಳೂವರೆಗೇ ಇರಲಿ ಅಂದಾಗ ಇವಳಿಗೆ ಕೈಕಾಲೆಲ್ಲ ಬಿದ್ದುಹೋಯ್ತು. ಕಂಬಳಿ ಕಚ್ಚಿಕೊಂಡ್ಲು."

"ಕೆಮ್ಮಿದ್ದು ನಾನು," ಎಂದ ಸ್ವೆಟರಿನವನು. "ಅದು ಬೇಕಂತ ಅಲ್ಲ."

"ನನ್ನ ಕೆಲಸ ಹೋಗ್ತಿತ್ತು," ಎಂದಳು ಲಿನೆಟ್. ಯಾರೂ ನಗಲಿಲ್ಲ. "ನಾನು ಮೂರು ವಾರ ನಿದ್ದೆ ಮಾಡಿಲ್ಲ. ಒಂದು ಸಣ್ಣ ಕೋಳಿ ಹುಡುಕಿಕೊಂಡು ಮ್ಯಾಂಚೆಸ್ಟರೆಲ್ಲ ಅಲೆದೆ. ನಾನು ಅವನಿಗೆ, ನಿಮಗೆ, 'ಖಚಿತವಾ ಮಾಲ್ಕಂ' ಅಂತ..."

ಅಲ್ಲಿಗೆ ಮಾತು ಮುರಿಯಿತು. ಅವಳು ನಕ್ಕಳು. ಕೈಯಿಂದ ಬಾಯಿ ಮುಚ್ಚಿದರೆ ಮೂಗಿನಿಂದ ಬಂತು. ಹಜಾರದವರು ಮೊದಲು ಗಾಬರಿಯಾಗಿ, ಆಮೇಲೆ ಅಪ್ಪಣೆ ಸಿಕ್ಕವರ ಹಾಗೆ ಜೊತೆಗೂಡಿದರು. ಅವರದೆಲ್ಲ ಮುಗಿದ ಮೇಲೂ ಅವಳದು ಮುಗಿಯಲಿಲ್ಲ. "ಅವನು," ಎಂದಳು ಉಸಿರಿಗೆ ಹೋರಾಡುತ್ತಾ, "ಅವನು ಹೂಂ ಅಂದ. ಹೇಳಿದ್ದೆ, ಹೇಳಿದ್ದೆ ಅಂದ." ಮತ್ತೆ ಬಿದ್ದು ಬಿದ್ದು ನಕ್ಕಳು. ಕಾರಿಡಾರಿನಿಂದ ನರ್ಸು ಓಡಿ ಬಂದು ಇಣುಕಿ ಹೋದಳು.

"ಸಾಕು ಕಣೆ, ಸಾಯ್ತಿದಾನೆ," ಎಂದಳು ಗರ್ಟಿ, ಟಿವಿಯ ಕಡೆ ಕೈ ತೋರಿಸಿ.

ಹಜಾರ ಒಬ್ಬೊಬ್ಬರಾಗಿ ಪರದೆಗೆ ಮರಳಿತು. ಲಿನೆಟ್‌ಗೆ ಆಗಲಿಲ್ಲ. ಕಣ್ಣೀರು ಒರೆಸಿಕೊಂಡು ಸೋಫಾಕ್ಕೆ ಕುಸಿದಳು, ಭುಜ ಕುಣಿಯುತ್ತಲೇ ಇತ್ತು. ವಿನ್ನಿ ಪರದೆಯಿಂದ ಕಣ್ಣು ತೆಗೆಯದೆ ಒಂದು ಚಾಕಲೇಟಿನ ಕಾಗದ ಬಿಡಿಸಿ, ಮಗಳ ಬಾಯಿ ಎಲ್ಲಿದೆಯೆಂದು ಬೆರಳಲ್ಲೇ ತಡಕಿ, ಒಳಗಿಟ್ಟಳು. ಬೇಕರಿಯ ಮುದುಕ ಅಂಗಡಿಯ ಹೊಸ್ತಿಲಲ್ಲಿ ಬಿದ್ದಿದ್ದ. ಅವನ ಮೇಲೆ, ಅಕ್ಟೋಬರಿನ ಒಂದು ಬೆಚ್ಚನೆಯ ಮಧ್ಯಾಹ್ನ ಚಿತ್ರೀಕರಣದಲ್ಲಿ ಯಾರೋ ಏಣಿಯ ಮೇಲೆ ನಿಂತು ಚೆಲ್ಲಿದ್ದ ಕಾಗದದ ಹಿಮ, ನಿಧಾನವಾಗಿ ಇಳಿಯುತ್ತಿತ್ತು.